ಜಿಹ್ವಾಬಂಧ ಮತ್ತು ಓಷ್ಠಬಂಧ

ನಾಲಿಗೆಯ ಅಡಿಭಾಗವನ್ನು ಬಾಯಿಯ ತಳಕ್ಕೆ ಸೇರಿಸುವ ಪೊರೆಯ ಮಡಿಕೆಯು ಹುಟ್ಟಿನಿಂದಲೇ ಗಿಡ್ಡವಾಗಿಯೋ ಬಿಗಿಯಾಗಿಯೋ ಇದ್ದು, ಅಥವಾ ನಾಲಿಗೆಯ ತುದಿಗೆ ತೀರ ಸಮೀಪದಲ್ಲಿ ಅಂಟಿಕೊಂಡು, ನಾಲಿಗೆಯ ಚಲನೆಗೆ ತಡೆಯೊಡ್ಡುವ ಸ್ಥಿತಿಗೆ ಜಿಹ್ವಾಬಂಧವೆಂದು ಹೆಸರು. ಮೇಲ್ದುಟಿಯ ಒಳಮೈಯನ್ನು ವಸಡಿಗೆ ಸೇರಿಸುವ ಅಂಥದೇ ಮಡಿಕೆಯು ತುಟಿಯನ್ನು ಬಿಗಿಹಿಡಿದಾಗ ಅದು ಓಷ್ಠಬಂಧವೆನಿಸುತ್ತದೆ. ವೈದ್ಯಗ್ರಂಥಗಳಲ್ಲಿ ಮೊದಲನೆಯದಕ್ಕೆ ಆಂಕಿಲೋಗ್ಲಾಸಿಯಾ ಎಂಬ ಹೆಸರಿದೆ. ಆಸ್ಪತ್ರೆಗಳ ಮಾತಿನಲ್ಲಿ ಇವು ಟಂಗ್ ಟೈ, ಲಿಪ್ ಟೈ ಎಂದೇ ಪರಿಚಿತವಾಗಿವೆ. ಈ ಮಡಿಕೆಗಳು ಸಾಮಾನ್ಯವಾಗಿ ಎಲ್ಲರ ಬಾಯಿಯಲ್ಲಿಯೂ ಇರತಕ್ಕ ಸಹಜಾಂಗಗಳಾದುದರಿಂದ, ಮಡಿಕೆ ಕಣ್ಣಿಗೆ ಬಿದ್ದ ಮಾತ್ರದಿಂದ ದೋಷವಿದೆಯೆನ್ನಲಾಗದು. ಉಣ್ಣುವ, ನುಂಗುವ, ನುಡಿಯುವ ಕಾರ್ಯಗಳಲ್ಲಿ ಯಾವುದಾದರೊಂದು ಅದರಿಂದ ಕುಂಠಿತವಾದಾಗಲೇ ಅದು ಚಿಕಿತ್ಸೆಗೆ ವಿಷಯವಾಗುವುದು.

ಭ್ರೂಣದ ನಾಲ್ಕನೆಯ ವಾರದ ಸುಮಾರಿಗೆ ಅಂಕುರಿಸುವ ನಾಲಿಗೆಯು ಮೊದಲು ಬಾಯಿಯ ತಳಕ್ಕೆ ಕೂಡಿಕೊಂಡೇ ಬೆಳೆಯುತ್ತದೆ. ಅನಂತರ ನಡುವಣ ಜೀವಕೋಶಗಳು ಕ್ರಮಕ್ರಮವಾಗಿ ಅಳಿದು ನಾಲಿಗೆ ಬಿಡುಗಡೆ ಹೊಂದುವಾಗ, ಬಿಡದೆ ಉಳಿದ ಭಾಗವೇ ಈ ಮಡಿಕೆ. ಅದು ನಡುಗೆರೆಯಲ್ಲಿ ನಿಂತ ಒಂದು ದಾರದಂತಹ ವಸ್ತುವೆಂಬುದು ಬಹುಕಾಲದ ನಂಬಿಕೆಯಾಗಿತ್ತು. ಆದರೆ ನ್ಯೂಜಿಲೆಂಡಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಶವಚ್ಛೇದನ ಅಧ್ಯಯನಗಳು, ಬಾಯಿಯ ತಳದಲ್ಲೆಲ್ಲ ಹರಡಿದ ತೆಳುವಾದ ಪದರವೊಂದು ನಾಲಿಗೆ ಮೇಲೇಳುವಾಗ ಮಡಿಚಿ ನಿಲ್ಲುವುದೇ ಈ ಆಕೃತಿಗೆ ಕಾರಣವೆಂದು ತೋರಿಸಿಕೊಟ್ಟವು. ಜಿಹ್ವಾನರದ ಕವಲುಗಳು ನಾಲಿಗೆಯ ಅಡಿಮೈಯಲ್ಲಿ ಪೊರೆಗೆ ತೀರ ಹತ್ತಿರವಾಗಿಯೇ ಹಾಯುತ್ತವೆ; ಕೆಳದವಡೆಯ ಲಾಲಾಗ್ರಂಥಿಗಳ ನಾಳಗಳು ಮಡಿಕೆಯ ಬುಡದ ಇಕ್ಕೆಲಗಳಲ್ಲಿ ಬಾಯ್ದೆರೆದಿವೆ. ಮಡಿಕೆಯನ್ನು ಬಿಡಿಸುವ ಶಸ್ತ್ರಕ್ರಿಯೆಯಲ್ಲಿ ಕತ್ತರಿ ಹಿಡಿದ ಕೈ ಎಷ್ಟು ಆಳಕ್ಕೆ ಇಳಿಯಬಹುದೆಂಬುದಕ್ಕೆ ಈ ರಚನೆಯೇ ಎಲ್ಲೆ ಹಾಕುತ್ತದೆ.

ನೂರು ಶಿಶುಗಳಲ್ಲಿ ಸುಮಾರು 4ರಿಂದ 10ರಷ್ಟರಲ್ಲಿ ಜಿಹ್ವಾಬಂಧ ಇರುವುದೆಂದು ಸಾಮಾನ್ಯವಾದ ಅಂದಾಜು. ಗಂಡುಮಕ್ಕಳಲ್ಲಿ ಹೆಚ್ಚು, ಕೆಲವು ವಂಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವುದೂ ಉಂಟು. ಸೀಳಂಗುಳದೊಡನೆ ಕೂಡಿಬರುವ ಒಂದು ವಿರಳ ಬಗೆಗೆ ಎಕ್ಸ್ ವರ್ಣತಂತುವಿನಲ್ಲಿರುವ ಟಿಬಿಎಕ್ಸ್22 ಎಂಬ ಜೀನಿನ ದೋಷವು ಕಾರಣವೆಂದು ಗೊತ್ತಾಗಿದೆ.

ಶಿಶುವಿನಲ್ಲಿ ಈ ಬಂಧದ ಪರಿಣಾಮ ಮೊದಲು ಗೋಚರಿಸುವುದು ಮೊಲೆಯೂಡುವಿಕೆಯಲ್ಲಿ. ಮಗು ನಾಲಿಗೆಯನ್ನು ಕೆಳವಸಡಿನ ಮೇಲಕ್ಕೆ ಚಾಚಿ, ಮೊಲೆಯ ಕಪ್ಪುಭಾಗವನ್ನು ಬಾಯ್ತುಂಬ ಹಿಡಿದು, ನಾಲಿಗೆಯ ನಡುಭಾಗವನ್ನು ತಗ್ಗಿಸಿದಾಗ ಬಾಯೊಳಗೆ ಉಂಟಾಗುವ ನಿರ್ವಾತವೇ ಹಾಲನ್ನು ಸೆಳೆಯುವುದು. ನಾಲಿಗೆ ಚಾಚದಿದ್ದರೆ ಶಿಶುವು ವಸಡಿನಿಂದ ತೊಟ್ಟನ್ನೇ ಕಚ್ಚಿ ಹಿಡಿಯುತ್ತದೆ. ಹಿಡಿತ ಪದೇಪದೇ ತಪ್ಪಿ ಚಟಚಟನೆ ಸದ್ದಾಗುತ್ತದೆ. ಹಾಲು ಬಾಯಂಚಿನಿಂದ ಸೋರುತ್ತದೆ. ಗಂಟೆಗಟ್ಟಲೆ ಮೊಲೆಯಲ್ಲಿದ್ದರೂ ಹೊಟ್ಟೆ ತುಂಬದೆ ತೂಕ ಏರುವುದಿಲ್ಲ. ತಾಯಿಗಾದರೋ ತೊಟ್ಟು ಬಿರಿದು, ಚಪ್ಪಟೆಯಾಗಿ, ಹಾಲು ಕಟ್ಟಿಕೊಂಡು, ಎದೆಬಾವಿನವರೆಗೂ ಹೋಗುವುದುಂಟು. ಬಾಣಂತನದಲ್ಲಿ ಇಷ್ಟು ನೋವು ಇದ್ದದ್ದೇ ಎಂದು ಹೇಳಿ ಹೆಂಗಸರನ್ನು ಸುಮ್ಮನಾಗಿಸುವ ರೂಢಿ ಅನ್ಯಾಯವಾದುದು; ಸರಿಯಾದ ಹಿಡಿತವಿರುವಲ್ಲಿ ಮೊದಲ ದಿನಗಳು ಕಳೆದ ಮೇಲೂ ಬೇನೆ ಮುಂದುವರಿಯಲಾಗದು, ಮುಂದುವರಿದರೆ ಅದಕ್ಕೆ ಕಾರಣವೊಂದಿರಲೇಬೇಕು.

ಹಾಗೆಂದು ಆ ಕಾರಣ ಜಿಹ್ವಾಬಂಧವೇ ಆಗಬೇಕೆಂದಿಲ್ಲ. ಮಗುವನ್ನು ಹಿಡಿಯುವ ಭಂಗಿಯ ದೋಷ, ಅಕಾಲಜನನ, ಸ್ನಾಯುಗಳ ಸಡಿಲತೆ, ಅಂಗುಳದ ಹಿಂಭಾಗದಲ್ಲಿ ಅಡಗಿರುವ ಸೀಳು, ಇವೆಲ್ಲವೂ ಅವೇ ಚಿಹ್ನೆಗಳನ್ನು ತೋರಬಲ್ಲವು. ಆದುದರಿಂದ ಅನುಭವವುಳ್ಳ ದಾದಿ ಅಥವಾ ಸ್ತನ್ಯಪಾನ ಸಲಹೆಗಾರರು ಒಂದು ಪೂರ್ತಿ ಊಡಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡುವುದು ಪರೀಕ್ಷೆಯ ಮೊದಲ ಹಂತವಾಗಬೇಕು. ಬಳಿಕ ಕೈಗವಸು ತೊಟ್ಟ ಬೆರಳಿನಿಂದ ನಾಲಿಗೆಯನ್ನು ಮೇಲೆತ್ತಿ, ಮಡಿಕೆ ಎಲ್ಲಿ ಅಂಟಿದೆ, ಎಷ್ಟು ಹಿಗ್ಗುತ್ತದೆ, ಅಳುವಾಗ ತುದಿ ಹೃದಯದ ಆಕಾರದಲ್ಲಿ ಒಳಸೆಳೆಯುತ್ತದೆಯೇ, ಕೆಳವಸಡನ್ನು ತೀಡಿದ ಕಡೆಗೆ ನಾಲಿಗೆ ತಿರುಗುತ್ತದೆಯೇ ಎಂಬಿವನ್ನು ಗಮನಿಸುತ್ತಾರೆ. 1993ರಲ್ಲಿ ರೂಪುಗೊಂಡ ಹೇಜಲ್‌ಬೇಕರ್ ಮಾಪನವು ಆಕೃತಿಗೂ ಕಾರ್ಯಕ್ಕೂ ಬೇರೆಬೇರೆಯಾಗಿ ಅಂಕಗಳನ್ನು ಕೊಡುತ್ತದೆ. ಬ್ರಿಸ್ಟಲ್ ಮಾಪನವು ಅದಕ್ಕಿಂತ ಸರಳ. ಮಡಿಕೆಯ ಸ್ಥಾನವನ್ನು ಮಾತ್ರ ನೋಡಿ ನಾಲ್ಕು ಬಗೆಗಳಾಗಿ ವಿಂಗಡಿಸುವ ಕೊರಿಲೋಸ್ ಕ್ರಮವು ವರ್ಣನೆಗೆ ಒದಗುವುದೇ ಹೊರತು, ತೊಂದರೆ ಎಷ್ಟೆಂಬುದನ್ನು ಹೇಳಲಾರದು. ಬೆರಳಿಗೆ ಮಾತ್ರ ತಗಲುವ, ಕಣ್ಣಿಗೆ ಕಾಣದ ‘ಹಿಂಬಂಧ’ವೆಂಬುದರ ವಿಷಯದಲ್ಲಿ ತಜ್ಞರೊಳಗೇ ಒಮ್ಮತವಿಲ್ಲ. ಬ್ರೆಜಿಲ್ ದೇಶವು 2014ರಲ್ಲಿ ಕಾನೂನು ಮಾಡಿ, ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟುವ ಪ್ರತಿಯೊಂದು ಶಿಶುವಿನ ಜಿಹ್ವಾಪರೀಕ್ಷೆಯನ್ನು ಕಡ್ಡಾಯಗೊಳಿಸಿತು.

ಚಿಕಿತ್ಸೆಯ ವಿಚಾರದಲ್ಲಿ ಈಚಿನ ದಶಕಗಳ ಒಲವು ಕತ್ತರಿಯ ಕಡೆಗೇ ಹೆಚ್ಚು. ಅಮೆರಿಕದಲ್ಲಿ 1997ರಿಂದ 2012ರವರೆಗಿನ ಅವಧಿಯಲ್ಲಿ ಆಸ್ಪತ್ರೆಯ ಶಿಶುಗಳಲ್ಲಿ ಜಿಹ್ವಾಬಂಧವೆಂದು ದಾಖಲಾದವರ ಸಂಖ್ಯೆ ಎಂಟು ಪಟ್ಟಿಗೂ ಮೀರಿ ಬೆಳೆಯಿತು. ಇಷ್ಟು ಅಲ್ಪಕಾಲದಲ್ಲಿ ಮಕ್ಕಳ ನಾಲಿಗೆಗಳು ಬದಲಾಗಿರಲಾರವು, ನೋಡುವವರ ದೃಷ್ಟಿ ಬದಲಾಗಿರಬೇಕು. 2017ರ ಕಾಕ್ರೇನ್ ಸಮೀಕ್ಷೆಯು 302 ಶಿಶುಗಳನ್ನೊಳಗೊಂಡ ಐದು ಪ್ರಯೋಗಗಳನ್ನು ತೂಗಿನೋಡಿ, ಮಡಿಕೆ ಕತ್ತರಿಸುವುದರಿಂದ ತಾಯಿಯ ತೊಟ್ಟಿನ ನೋವು ಸದ್ಯಕ್ಕೆ ಇಳಿಯುತ್ತದೆಂದೂ, ಶಿಶುವಿನ ಹಾಲುಕುಡಿತ ಸುಧಾರಿಸುವುದೆಂಬುದಕ್ಕೆ ಏಕರೂಪದ ಸಾಕ್ಷ್ಯವಿಲ್ಲವೆಂದೂ ನಿರ್ಣಯಿಸಿತು. ಆ ಮೇಲೆ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪ್ರಯೋಗವೊಂದು, ಬರಿಯ ಸಲಹೆಗೆಂದು ಆಯ್ಕೆಯಾದ ಗುಂಪಿನ ಬಹುಪಾಲು ತಾಯಂದಿರೂ ಕಾಯಲಾರದೆ ಮಕ್ಕಳಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡುದರಿಂದ ಖಚಿತವಾದ ಉತ್ತರವನ್ನು ಕೊಡಲಾರದಾಯಿತು; ನೋವಿನಲ್ಲಿರುವ ತಾಯಿಯನ್ನು ಕಾದಿರು ಎನ್ನುವುದು ಎಷ್ಟು ಕಠಿಣವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಮೊದಲು ಊಡಿಕೆಯ ನೆರವು, ಅದರಿಂದ ಗುಣವಾಗದೆ ಬಂಧವು ಸ್ಪಷ್ಟವಾಗಿದ್ದರೆ ತಡಮಾಡದೆ ಶಸ್ತ್ರಕ್ರಿಯೆ, ಈ ಕ್ರಮವೇ ನ್ಯಾಯವಾದುದು.

ಎಳೆಯ ಶಿಶುವಿನಲ್ಲಿ ಈ ಕ್ರಿಯೆ ಕೆಲವೇ ಕ್ಷಣಗಳದ್ದು. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಬಾಯಿಗೆ ಸಕ್ಕರೆನೀರಿನ ಹನಿಯಿಟ್ಟು, ನಾಲಿಗೆಯನ್ನೆತ್ತಿ, ರಕ್ತನಾಳ ವಿರಳವಾದ ತೆಳುಪೊರೆಯನ್ನು ಮೊಂಡುತುದಿಯ ಕತ್ತರಿಯಿಂದ ಬಿಡಿಸುತ್ತಾರೆ; ಕೂಡಲೇ ತಾಯಿಯ ಎದೆಗೆ ಹಾಕಿದರೆ ರಕ್ತವೂ ಅಳುವೂ ಒಟ್ಟಿಗೆ ನಿಲ್ಲುವುದೇ ಸಾಮಾನ್ಯ. ಲೇಸರಿನಿಂದ ಮಾಡುವುದೂ ಉಂಟು. ಆದರೆ ಅದು ಕತ್ತರಿಗಿಂತ ಮೇಲೆಂಬುದು ಸಿದ್ಧವಾಗಿಲ್ಲ. ಶಿಶುವಿಗೆ ಹುಟ್ಟಿದಾಗ ಕೊಡುವ ಕೆ ಜೀವಸತ್ವದ ಚುಚ್ಚುಮದ್ದು ಆಗಿದೆಯೇ, ಮನೆತನದಲ್ಲಿ ರಕ್ತಸ್ರಾವದ ರೋಗವಿದೆಯೇ ಎಂದು ಮೊದಲೇ ವಿಚಾರಿಸಬೇಕು. ಕೆಳದವಡೆ ತೀರ ಚಿಕ್ಕದಾಗಿ ಹಿಂದೆ ಸರಿದ ಮಕ್ಕಳಲ್ಲಿಯೂ, ಸ್ನಾಯುಬಲ ಕುಂದಿದವರಲ್ಲಿಯೂ, ಬಿಡಿಸಿದ ನಾಲಿಗೆ ಹಿಂದಕ್ಕೆ ಜಾರಿ ಉಸಿರಾಟಕ್ಕೆ ಅಡ್ಡಿಯಾಗುವ ಅಪಾಯವಿರುವುದರಿಂದ ವಿಶೇಷ ಎಚ್ಚರ ಅಗತ್ಯ. ಮರುದಿನದಿಂದ ಗಾಯದ ಮೇಲೆ ಕಾಣುವ ಬಿಳಿ ಹಳದಿಯ ಪದರ ಮಾಯುವಿಕೆಯ ಲಕ್ಷಣವೇ ಹೊರತು ಕೀವಲ್ಲ. ಗಾಯವನ್ನು ದಿನಕ್ಕೆ ಹಲವು ಬಾರಿ ಬೆರಳಿನಿಂದ ಒತ್ತಿ ಎಳೆಯಬೇಕೆಂಬ ವಿಧಿಗೆ ತಕ್ಕ ಆಧಾರವಿಲ್ಲ. ಅದರಿಂದ ಮಗು ಬಾಯಿಗೆ ಏನು ಬಂದರೂ ಹೆದರುವಂತಾಗಬಹುದು.

ಓಷ್ಠಬಂಧದಲ್ಲಿ ಇನ್ನೂ ಹೆಚ್ಚಿನ ಸಂಯಮ ಬೇಕು. ನವಜಾತ ಶಿಶುಗಳಲ್ಲಿ ಮೇಲ್ದುಟಿಯ ಮಡಿಕೆ ವಸಡಿನ ಅಂಚಿನವರೆಗೆ ಇಳಿದಿರುವುದು ಸರ್ವೇಸಾಮಾನ್ಯ. ದವಡೆ ಬೆಳೆದು ಹಲ್ಲು ಮೂಡಿದಂತೆಲ್ಲ ಅದು ತಾನಾಗಿ ಮೇಲೇರುತ್ತದೆ. ಹಾಲೂಡಿಕೆಯ ತೊಂದರೆಗಾಗಿ ಇದನ್ನು ಕತ್ತರಿಸುವುದಕ್ಕೆ ಬಲವಾದ ಸಾಕ್ಷ್ಯ ದೊರೆತಿಲ್ಲ. ಕೆನ್ನೆಯ ಒಳಮೈಯಲ್ಲಿರುವ ಇಂಥವೇ ಮಡಿಕೆಗಳನ್ನಂತೂ ಕತ್ತರಿಸಬಾರದೆಂದು ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಸಂಘವು 2020ರಲ್ಲಿ ಸ್ಪಷ್ಟವಾಗಿ ಸಾರಿತು. ಮುಂದಿನ ಎರಡು ಮೇಲ್ಬಾಚಿಹಲ್ಲುಗಳ ನಡುವಣ ಸಂದು ಬಹುಪಾಲು ಮಕ್ಕಳಲ್ಲಿ, ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ ಕೋರೆಹಲ್ಲುಗಳು ಬಂದಾಗ, ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ತುಟಿಯನ್ನೆಳೆದು ನೋಡಬೇಕು: ಹಲ್ಲುಗಳ ನಡುವಣ ವಸಡು ಬಿಳುಪೇರಿದರೆ ಮಡಿಕೆ ಆಳಕ್ಕೆ ಇಳಿದಿದೆಯೆಂದರ್ಥ. ಆಗಲೂ ಮೊದಲು ತಂತಿ ಕಟ್ಟಿ ಸಂದನ್ನು ಮುಚ್ಚಿ, ಅನಂತರ ಮಡಿಕೆಯನ್ನು ತೆಗೆಯುವುದೇ ದಂತವೈದ್ಯರ ಸಾಮಾನ್ಯ ಪದ್ಧತಿ. ಮುಂಚೆಯೇ ಕತ್ತರಿಸಿದರೆ ಉಳಿಯುವ ಗಾಯದ ಕಲೆಯೇ ಹಲ್ಲುಗಳು ಕೂಡುವುದಕ್ಕೆ ಅಡ್ಡಿಯಾದೀತು.

ನಮ್ಮ ಮನೆಗಳಲ್ಲಿ ಮಾತು ತಡವಾದ ಮಗುವಿಗೆ ಬಜೆ ತೇಯ್ದು ನಾಲಿಗೆಗೆ ಸವರುವುದೂ, ನಾಲಿಗೆ ಅಂಟಿಕೊಂಡಿದೆಯೆಂದು ಊಹಿಸುವುದೂ ಹಳೆಯ ವಾಡಿಕೆ. ವಾಸ್ತವವಾಗಿ ಜಿಹ್ವಾಬಂಧವು ಮಾತನ್ನು ತಡಮಾಡುವುದಿಲ್ಲ. ಆಡಿದ ಮಾತಿನ ಸ್ಪಷ್ಟತೆಯನ್ನು ಮಾತ್ರ ಕೆಡಿಸಬಹುದು. ಮಾತೇ ಬಾರದ ಮಗುವಿಗೆ ಮೊದಲು ಆಗಬೇಕಾದುದು ಕಿವಿಯ ಪರೀಕ್ಷೆ. ಪಬಮಗಳು ತುಟಿಯಿಂದಲೂ ಕಗಗಳು ನಾಲಿಗೆಯ ಹಿಂಭಾಗದಿಂದಲೂ ಹುಟ್ಟುವುದರಿಂದ ಬಂಧವಿದ್ದರೂ ಕೆಡುವುದಿಲ್ಲ. ಲ, ರ, ಸಗಳಲ್ಲಿಯೂ, ತುದಿಯನ್ನು ಮೇಲೆತ್ತಿ ಹಿಂದಕ್ಕೆ ಮಡಿಸಬೇಕಾದ ಟ, ಡ, ಣ, ಳಗಳಲ್ಲಿಯೂ ತೊಡಕು ತೋರಬಹುದು. ಇಂಗ್ಲಿಷಿಗಾಗಿ ರಚಿತವಾದ ಪರೀಕ್ಷಾಪಟ್ಟಿಗಳಲ್ಲಿ ಈ ಮೂರ್ಧನ್ಯಗಳಿಗೆ ಎಡೆಯಿಲ್ಲ. ಆದುದರಿಂದ ಕನ್ನಡದ ಮಗುವನ್ನು ಗಾಳಿ, ಕಣ್ಣು, ಬಳೆ, ಅಳಿಲು ಮುಂತಾದ ಮನೆಮಾತುಗಳಿಂದ ಪರೀಕ್ಷಿಸುವುದು ಯುಕ್ತ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಇದಕ್ಕೆ ತರಬೇತಾದ ತಜ್ಞರಿದ್ದಾರೆ. ಅನೇಕ ಮಕ್ಕಳು ಬಂಧವಿದ್ದೂ ಎಲ್ಲ ಧ್ವನಿಗಳನ್ನು ತಮ್ಮದೇ ಉಪಾಯದಿಂದ ಸರಿಯಾಗಿ ನುಡಿಯುತ್ತಾರೆ. ಅಂಥವರಿಗೆ ಏನೂ ಮಾಡಬೇಕಾಗಿಲ್ಲ.

ವಯಸ್ಕರಲ್ಲಿ ದೂರುಗಳು ಬೇರೆ: ಹಲ್ಲಿನ ಸಂದಿಯ ಅಗುಳನ್ನು ನಾಲಿಗೆಯಿಂದ ತೆಗೆಯಲಾರದಿರುವುದು, ಕೆಳಬಾಚಿಹಲ್ಲಿನ ಹಿಂದಣ ವಸಡು ಕುಸಿಯುವುದು, ಊದುವಾದ್ಯ ನುಡಿಸಲು ತೊಡಕು, ಮುಪ್ಪಿನಲ್ಲಿ ಕೆಳಗಿನ ಕಟ್ಟುಹಲ್ಲು ನಿಲ್ಲದಿರುವುದು. ಬಾಯನ್ನು ಪೂರ್ತಿ ತೆರೆದಾಗಿನ ಅಳತೆಯನ್ನೂ, ನಾಲಿಗೆಯ ತುದಿಯನ್ನು ಮೇಲ್ಬಾಚಿಹಲ್ಲಿನ ಹಿಂದಣ ಉಬ್ಬಿಗೆ ತಾಗಿಸಿ ತೆರೆದಾಗಿನ ಅಳತೆಯನ್ನೂ ಹೋಲಿಸಿ, ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆಯಾದರೆ ಚಲನೆ ಗಣನೀಯವಾಗಿ ಕುಗ್ಗಿದೆಯೆಂದು ತಿಳಿಯುತ್ತಾರೆ. ಗೊರಕೆ, ನಿದ್ರೆಯಲ್ಲಿ ಉಸಿರು ನಿಲ್ಲುವುದು, ಕತ್ತುನೋವು ಮೊದಲಾದವನ್ನೆಲ್ಲ ಇದಕ್ಕೆ ಗಂಟುಹಾಕುವ ವಾದಗಳು ಇನ್ನೂ ಊಹೆಯ ಹಂತವನ್ನು ದಾಟಿಲ್ಲ. ದೊಡ್ಡವರಲ್ಲಿ ಪೊರೆ ದಪ್ಪವಾಗಿರುವುದರಿಂದ ಸ್ಥಳೀಯ ಅರಿವಳಿಕೆ ಕೊಟ್ಟು, ಅಂಕುಡೊಂಕಾಗಿ ಕತ್ತರಿಸಿ, ಅಂಚುಗಳನ್ನು ಅದಲುಬದಲಾಗಿ ಹೊಲಿದು ಉದ್ದವನ್ನು ಗಳಿಸುವ ವಿಧಾನ ವಾಡಿಕೆಯಲ್ಲಿದೆ. ವರ್ಷಗಟ್ಟಲೆ ತಗ್ಗಿ ನಡೆದ ನಾಲಿಗೆಯ ಸ್ನಾಯುಗಳು ಬಿಡುಗಡೆಯಾದ ದಿನವೇ ಹೊಸ ಚಲನೆಯನ್ನು ಕಲಿಯಲಾರವು. ಆದುದರಿಂದ ಗಾಯ ಮಾದ ಬಳಿಕ ವಾಕ್ಚಿಕಿತ್ಸಕರ ಮಾರ್ಗದರ್ಶನದಲ್ಲಿ ನಾಲಿಗೆಯನ್ನು ಎತ್ತುವ, ಚಾಚುವ, ಪಕ್ಕಗಳಿಗೆ ಹೊರಳಿಸುವ ಅಭ್ಯಾಸಗಳನ್ನು ಮುಂದುವರಿಸಲು ಸೂಚಿಸುತ್ತಾರೆ.