ಹಗೇವಿನಿಂದ ಬಾನೆಟ್ಟಿನವರೆಗೆ: ನಮ್ಮ ಕಡೆಯ ಇಲಿ ಪುರಾಣ

ಇಲಿ ಗಣಪನ ವಾಹನ ಅಂತ ವರ್ಷಕ್ಕೊಮ್ಮೆ ಕೈ ಮುಗಿಯುತ್ತೇವೆ, ಸರಿ. ನಮ್ಮ ವಾಹನಕ್ಕೇ ಇಲಿ ಬಂದು ಸಂಸಾರ ಹೂಡಿದರೆ ಏನು ಮಾಡೋದು? ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಊರಲ್ಲೊಂದು ಮನೆ, ಬೆಂಗಳೂರಲ್ಲೊಂದು ಕೆಲಸ ಇಟ್ಟುಕೊಂಡು ಅಪ್ಪನ ಹಳೇ ಕಾರನ್ನು ಕೊಟ್ಟಿಗೆ ಪಕ್ಕದಲ್ಲಿ ನಿಲ್ಲಿಸಿ ಬಂದವರನ್ನು ಕೇಳಿ ನೋಡಿ, ಒಬ್ಬೊಬ್ಬರದೂ ಒಂದೊಂದು ಕತೆ. ಒಬ್ಬರ ಕಾರಿನ ವೈರು ಹೋಯ್ತು, ಇನ್ನೊಬ್ಬರದು ಸೀಟು ಹೋಯ್ತು, ಮತ್ತೊಬ್ಬರಿಗೆ ಎ.ಸಿ. ಹಾಕಿದ ತಕ್ಷಣ ಸತ್ತ ಇಲಿಯ ವಾಸನೆ!

ಇದಕ್ಕೆ ಈಗ ಎಲ್ಲರೂ ಹೇಳುವ ಕಾರಣ, "ಹೊಸಾ ಕಾರುಗಳ ವೈರನ್ನ ಸೋಯಾದಲ್ಲಿ ಮಾಡ್ತಾರಂತೆ, ಅದಕ್ಕೇ ಇಲಿ ತಿನ್ನುತ್ತಂತೆ" ಅಂತ. ಅಮೆರಿಕದಲ್ಲಿ 2015-16ರ ಹೊತ್ತಿಗೆ ಈ ಸೋಯಾ ವಿಷಯಕ್ಕೇ ದೊಡ್ಡ ಕಾರು ಕಂಪನಿಗಳ ಮೇಲೆ ಮೊಕದ್ದಮೆಗಳೂ ಆದವು. ನನಗೆ ಈ ವಾದ ಅಷ್ಟು ಒಪ್ಪಿಗೆಯಾಗೋದಿಲ್ಲ. ಸೋಯಾ ಗೀಯಾ ಏನೂ ಇಲ್ಲದ ಕಾಲದ ಅಂಬಾಸಡರ್, ಪದ್ಮಿನಿಗಳ ವೈರನ್ನೂ ಇಲಿ ಕಡಿಯುತ್ತಿತ್ತು. ಇಲಿಯ ಮುಂದಿನ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಹೊಟ್ಟೆಗಾಗಿಯೇ ಕಡಿಯಬೇಕು ಅಂತಿಲ್ಲ. ನಮ್ಮ ಕಡೆಯ ಇಲಿಗೂ ಮನುಷ್ಯನಿಗೂ ಇರುವ ಜಗಳ ಕಾರಿಗಿಂತ ಬಹಳ ಹಳೇದು. ಆ ಚರಿತ್ರೆಯನ್ನ ಒಂಚೂರು ಕೆದಕೋಣ ಬನ್ನಿ.

ಮೊದಲು ಹಗೇವು. ಈಗಿನ ಹುಡುಗರಿಗೆ ಪದವೇ ಗೊತ್ತಿಲ್ಲ. ನಮ್ಮದು ಮೂಲತಃ ರಾಗಿ ಸೀಮೆ. ಕಾಲುವೆ ಬರುವ ಮುಂಚೆ ಕೆರೆ ಕೆಳಗೆ ಸ್ವಲ್ಪ ಭತ್ತ, ಮಿಕ್ಕಿದ್ದೆಲ್ಲ ಮಳೆ ನಂಬಿದ ಹೊಲ. ಮಳೆ ಕೈಕೊಟ್ಟ ವರ್ಷಕ್ಕೆ ಅಂತ ರಾಗಿ ಕೂಡಿಡಲೇಬೇಕಿತ್ತು. ಮನೆಯೊಳಗೆ ಮಣ್ಣಿನ ವಾಡೆ, ಗುಡಾಣ, ಸಗಣಿ ಬಳಿದ ಬಿದಿರಿನ ಕಣಜ ಇರುತ್ತಿದ್ದವು. ಇವೆಲ್ಲ ವರ್ಷದ ಖರ್ಚಿಗೆ. ಹೆಚ್ಚಿನದ್ದು ಹಗೇವಿಗೆ. ಗಟ್ಟಿ ಒಣ ನೆಲದಲ್ಲಿ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು ಇರುವ ಗುಂಡಿ ತೋಡಿ, ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಮೆತ್ತಿಬಿಡುವುದು. ಅಷ್ಟೇ. ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು.

ಇದರ ಗುಟ್ಟು ಚೆನ್ನಾಗಿದೆ ನೋಡಿ. ಧಾನ್ಯವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಬದುಕೋದಿಲ್ಲ, ಇಲಿಗಂತೂ ಅಲ್ಲಿ ಮನೆ ಮಾಡುವ ಮಾತೇ ಇಲ್ಲ. ಮನುಷ್ಯನಿಗೂ ಅಷ್ಟೇ. ಹಗೇವು ತೆಗೆದ ತಕ್ಷಣ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಅದಕ್ಕೇ ಹಿರಿಯರು ಚಪ್ಪಡಿ ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಯಾವ ಕಾಲೇಜಿನಲ್ಲಿ ಕಲಿತಿದ್ದರೋ!

ಹಗೇವು ಗೆದ್ದಲ್ಲಿ ಅಟ್ಟ ಸೋತಿತು. ಅಟ್ಟ, ನಾಡಹೆಂಚು, ಮಣ್ಣಿನ ಗೋಡೆ, ಮೂಲೆಯಲ್ಲಿ ಕಣಜ... ಮನೆ ಇಲಿಗೆ ಇದಕ್ಕಿಂತ ಸ್ವರ್ಗ ಬೇರೆ ಇಲ್ಲ. ಆ ಸ್ವರ್ಗಕ್ಕೆ ಪ್ಲೇಗು ಬಂತು.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಪ್ಲೇಗಿನ ರೋಗಾಣು ಕಂಡುಹಿಡಿದ. 1896ರಲ್ಲಿ ರೋಗ ಮುಂಬೈಗೆ ಬಂತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡು ಮೈಸೂರು ಸಂಸ್ಥಾನದ ತುಂಬಾ ಹಬ್ಬಿತು. ಅಷ್ಟು ಹೊತ್ತಿಗೆ ಬೆಂಗಳೂರು-ಮೈಸೂರು ರೈಲು ಮದ್ದೂರು, ಮಂಡ್ಯದ ಮೇಲೆ ಓಡಾಡುತ್ತಿತ್ತು. ಜನ ಹೋದ ಕಡೆ, ಧಾನ್ಯದ ಮೂಟೆ ಹೋದ ಕಡೆ ಇಲಿ, ಇಲಿ ಹೋದ ಕಡೆ ಚಿಗಟ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಈ ಪ್ಲೇಗಿನ ದೆಸೆಯಿಂದ ಅನ್ನೋದು ಎಲ್ಲರಿಗೂ ಗೊತ್ತು. ನಮ್ಮ ಹಳ್ಳಿಗಳಲ್ಲಿ ಬಡಾವಣೆ ಎಲ್ಲಿ ಬರಬೇಕು! ಜನ ಊರು ಬಿಟ್ಟು ಹೊಲದಲ್ಲಿ ಗುಡ್ಲು ಹಾಕಿಕೊಂಡರು. ಅಲ್ಲಲ್ಲಿ ಪ್ಲೇಗಿನಮ್ಮ, ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು.

ನಮ್ಮ ಅಜ್ಜಿ ಬಾಯಲ್ಲಿ ಅದು "ಪಿಳೇಗು". ಅವರು ಹೇಳುತ್ತಿದ್ದ ಒಂದು ಮಾತು: "ಇಲಿ ಬಿತ್ತು ಅಂದ್ರೆ ಊರು ಬುಡೋದೇ ಕನಪ್ಪ, ಯಾರ ಮಾತೂ ಕೇಳಂಗಿರ್ನಿಲ್ಲ." ಇಲಿ ಬಿತ್ತು ಅಂದರೆ ಅಟ್ಟದಿಂದ ಇಲಿ ತಾನಾಗಿ ಸತ್ತು ಬಿತ್ತು ಅಂತ. ಪ್ಲೇಗನ್ನು ಹರಡುವುದು ಇಲಿಯ ಚಿಗಟ ಅಂತ ಪೌಲ್-ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ 1898ರಲ್ಲೇ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರೂ ಪಂಡಿತರು ಹತ್ತಿರ ಹತ್ತಿರ ಹತ್ತು ವರ್ಷ ನಂಬಲಿಲ್ಲ. ಸತ್ತ ಇಲಿಯ ಮೈ ತಣ್ಣಗಾದ ಕೂಡಲೇ ಚಿಗಟಗಳು ಅದನ್ನು ಬಿಟ್ಟು ಬಿಸಿ ರಕ್ತ ಹುಡುಕಿಕೊಂಡು ಬರುತ್ತವೆ. ಚಿಗಟದ ವಿಷಯ ಗೊತ್ತಿರದ ಹಳ್ಳಿ ಜನ ಸರಿಯಾಗಿ ಅದೇ ಗಳಿಗೆಯಲ್ಲಿ ಮನೆ ಖಾಲಿ ಮಾಡುತ್ತಿದ್ದರು. ಇದನ್ನು ಮೂಢನಂಬಿಕೆ ಅನ್ನಲು ನನಗೆ ಬಾಯಿ ಬರೋದಿಲ್ಲ. ಭಾರತದಲ್ಲಿ ಆ ಸುತ್ತಿನ ಪ್ಲೇಗಿಗೆ ಸತ್ತವರು ಒಂದು ಕೋಟಿಗೂ ಹೆಚ್ಚು. ನಮ್ಮ ರಾಜ್ಯದ ಮುಳಬಾಗಿಲು ಕಡೆ 1966ರವರೆಗೂ ಪ್ಲೇಗಿನ ಪ್ರಕರಣ ಇತ್ತು. ಅಂದರೆ ನಮ್ಮ ಅಪ್ಪ-ಅಮ್ಮಂದಿರ ಕಾಲ, ಬಹಳ ಹಿಂದಿನದೇನಲ್ಲ.

(ಇಲ್ಲೊಂದು ತಮಾಷೆ. ಅದೇ ಪ್ಲೇಗಿನ ವರ್ಷಗಳಲ್ಲೇ, 1902ರಲ್ಲಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೊರಟಿತು. ಇಲಿ ಕಡಿಯೋದಕ್ಕೆ ನಾಡಿಗೆಲ್ಲ ವೈರು ಎಳೆಯೋ ಕೆಲಸ ಶುರುವಾಗಿದ್ದು ನಮ್ಮ ತಾಲ್ಲೂಕಿಂದಲೇ ಅನ್ನಬಹುದು!)

ಆಮೇಲೆ ಕಾಲುವೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ. ಸಕ್ಕರೆ ಕಾರ್ಖಾನೆ ಬರಲು ದುಡಿದ ಲೆಸ್ಲಿ ಕೋಲ್ಮನ್ ಕೆನಡಾದಿಂದ ಬಂದ ಕೀಟಶಾಸ್ತ್ರಜ್ಞ. ಮಲೆನಾಡಿನ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದೂ ಇವರೇ. ಮಂಡ್ಯದವರು ಈ ಪುಣ್ಯಾತ್ಮನನ್ನು ಇನ್ನೂ ಜಾಸ್ತಿ ನೆನೆಯಬೇಕು, ಇರಲಿ.

ಕಾಲುವೆ ನಮಗೆ ಅನ್ನ ಕೊಟ್ಟಿತು. ಇಲಿಗೂ ಕೊಟ್ಟಿತು. ಕಬ್ಬು ವರ್ಷಪೂರ್ತಿ ನಿಲ್ಲುವ ಬೆಳೆ. ಒಳಗೆ ನೆರಳು, ಸಿಹಿ, ತರಗಿನ ಹಾಸಿಗೆ. ಗದ್ದೆ ಬದುವಿನಲ್ಲಿ, ನಾಲೆ ಏರಿಯಲ್ಲಿ ಹೆಗ್ಗಣದ ಬಿಲ. ಗದ್ದೆ ಹೆಗ್ಗಣ ಭತ್ತದ ತೆನೆಗಳನ್ನು ಕತ್ತರಿಸಿ ಬಿಲದಲ್ಲಿ ಕೂಡಿಡುತ್ತದೆ, ಅದಕ್ಕೂ ಒಂದು ಹಗೇವು! ಕುಯ್ಲಾದ ಮೇಲೆ ಬಿಲ ಅಗೆದು ಆ ಭತ್ತ ತೆಗೆದುಕೊಳ್ಳುತ್ತಿದ್ದ ಬಡವರೂ ಇದ್ದರು. ಇತ್ತ ಮನುಷ್ಯರ ಹಗೇವು ಮಾತ್ರ ಮುಗಿದೇ ಹೋಯ್ತು. ನೀರಾವರಿಯಿಂದ ತೇವ ಏರಿದ ನೆಲದಲ್ಲಿ ಗುಂಡಿ ತೋಡಿ ರಾಗಿ ಇಟ್ಟರೆ ಮೊಳಕೆ ಬರುತ್ತೆ ಅಷ್ಟೇ. ಧಾನ್ಯ ಗೋಣಿಚೀಲಕ್ಕೆ ಬಂತು, ಚೀಲ ಪಡಸಾಲೆಗೆ ಬಂತು.

ಇನ್ನು ಕಾರು. ಕುಯ್ಲು ಮುಗಿದು ಗದ್ದೆ ಬಯಲಾದಾಗ, ಕಬ್ಬು ಕಡಿದು ತರಗಿಗೆ ಬೆಂಕಿ ಇಟ್ಟಾಗ ಇಲಿಗಳು ಊರ ಕಡೆ ತಿರುಗುತ್ತವೆ. ಅಲ್ಲಿ ಹುಲ್ಲುಮೆದೆ, ಬೂಸಾ ಚೀಲ, ಪಕ್ಕದಲ್ಲೇ ಬಟ್ಟೆ ಹೊದಿಸಿ ನಿಲ್ಲಿಸಿದ ಕಾರು. ಗಾಳಿ ಇಲ್ಲ, ಮಳೆ ಇಲ್ಲ, ಬೆಕ್ಕಿನ ಕಾಟವೂ ಇಲ್ಲ. ಚಿಟ್ಟಿಲಿಗೆ ಪೆನ್ಸಿಲ್ ದಪ್ಪದ ಸಂದಿ ಸಾಕು. ಬಸುರಾದ ಇಪ್ಪತ್ತು ದಿನಕ್ಕೇ ಐದಾರು ಮರಿ ಹಾಕುತ್ತದೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಗಿ ಕಾರುಗಳು ತಿಂಗಳುಗಟ್ಟಲೆ ನಿಂತಾಗ ಎಷ್ಟು ಹೆರಿಗೆ ಆಗಿರಬಹುದು, ನೀವೇ ಲೆಕ್ಕ ಹಾಕಿ.

ಮಳವಳ್ಳಿ ಹತ್ತಿರ ನಮ್ಮ ಸೋದರಮಾವನ ಮಾರುತಿ 800 ಹೀಗೇ ನಿಂತಿತ್ತು. ಬಾನೆಟ್ ಎತ್ತಿದರೆ ಏನೂ ಕಾಣಲಿಲ್ಲ. ಏರ್ ಫಿಲ್ಟರ್ ಡಬ್ಬ ಬಿಚ್ಚಿದಾಗ ಒಳಗೆ ಅಚ್ಚುಕಟ್ಟಾದ ಗೂಡು: ಸೀಟಿನ ಸ್ಪಂಜು, ಗೋಣಿ ನಾರು, ಭತ್ತದ ಹೊಟ್ಟು, ಯಾವುದೋ ಮದುವೆ ಕಾಗದದ ಚೂರು. ನಾನು ಪೊರಕೆ ತಗೊಂಡೆ. ಅತ್ತೆ ದೂರದಿಂದಲೇ ಕೂಗಿದರು, "ಬ್ಯಾಡ ಕನಪ್ಪ, ದೂಳ ಎಬ್ಬುಸ್ಬೇಡ, ನೀರ್ ಚಿಮುಕ್ಸು ಮದ್ಲು!" ಅವರು ಪ್ಲೇಗು ಕಂಡವರಲ್ಲ. ಅವರತ್ತೆ, ಅಂದರೆ ನಮ್ಮಜ್ಜಿ, ಹೇಳಿಕೊಟ್ಟದ್ದು ಅದು. ಇವತ್ತಿನ ವೈದ್ಯರೂ ಅದನ್ನೇ ಹೇಳುತ್ತಾರೆ. ಇಲಿ ಗೂಡನ್ನು ಒಣದಾಗಿ ಗುಡಿಸಬಾರದು, ವ್ಯಾಕ್ಯೂಮ್ ಕ್ಲೀನರ್ ಕೂಡ ಹಾಕಬಾರದು. ಕೈಗವಸು, ಮಾಸ್ಕ್ ಹಾಕಿಕೊಂಡು, ಬಾಗಿಲೆಲ್ಲ ತೆಗೆದು ಗಾಳಿಯಾಡಿಸಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ನೆನೆಸಿ, ಐದು ನಿಮಿಷ ಬಿಟ್ಟು ಒರೆಸಿ ತೆಗೆಯಬೇಕು. ಇಲಿಯ ಉಚ್ಚೆಯಿಂದ ಬರುವ ಇಲಿಜ್ವರ ನಮ್ಮ ಗದ್ದೆ ನಾಡಿಗೆ ಹೊಸದೇನಲ್ಲ. ವೈರುಗಳ ಹತ್ತಿರ ಕೈ ಹಾಕುವ ಮುಂಚೆ ಬ್ಯಾಟರಿಯ ಮೈನಸ್ ತಂತಿ ಕಳಚಿಡಿ. ಮುಖ್ಯವಾಗಿ, ಬಹಳ ದಿನ ನಿಂತ ಕಾರನ್ನು ಬಾನೆಟ್ ಎತ್ತಿ ನೋಡದೆ ಸ್ಟಾರ್ಟ್ ಮಾಡಬೇಡಿ. ಹೊಗೆ ಕೊಳವೆ ಕಾದು ಪಕ್ಕದ ಒಣ ಗೂಡಿಗೆ ಕಿಡಿ ತಗುಲಿದರೆ ಕಾರೂ ಇಲ್ಲ, ಹುಲ್ಲುಮೆದೆಯೂ ಇಲ್ಲ. ಇಲಿ ಮೇಲಿನ ಸಿಟ್ಟಿಗೆ ಮನೆ ಸುಟ್ಟ ಗಾದೆ ನಿಜವಾಗಿಬಿಡುತ್ತದೆ.

ಪಾಷಾಣ ಇಡೋದು? ಕಾರೊಳಗಂತೂ ಬೇಡ. ತಿಂದ ಇಲಿ ಡ್ಯಾಶ್‌ಬೋರ್ಡ್ ಹಿಂದೆ ಹೋಗಿ ಸಾಯುತ್ತದೆ, ಆಮೇಲೆ ಆ ವಾಸನೆ ನಿಮ್ಮ ಪಾಲಿಗೆ. ಗದ್ದೆಯಲ್ಲಿ ಸತುವಿನ ಫಾಸ್ಫೈಡ್ ಇಡುವ ರೈತರು ಮೊದಲ ಎರಡು ಮೂರು ದಿನ ವಿಷವಿಲ್ಲದ ತಿಂಡಿ ಇಟ್ಟು ನಂಬಿಸುತ್ತಾರೆ. ಯಾಕೆಂದರೆ ಸ್ವಲ್ಪ ತಿಂದು ಹೊಟ್ಟೆ ಕೆಟ್ಟು ಬದುಕಿಕೊಂಡ ಇಲಿ ಮತ್ತೆ ಆ ತಿಂಡಿಯ ತಂಟೆಗೆ ಬರೋದಿಲ್ಲ. ಅಷ್ಟು ಬುದ್ಧಿವಂತ ಪ್ರಾಣಿಗೆ ನಮ್ಮ ಮೆಕ್ಯಾನಿಕ್‌ಗಳು ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುತ್ತಾರೆ, ಕೆಲವರು ನುಸಿಗುಳಿಗೆ ಇಡುತ್ತಾರೆ. ಘಾಟು ಇರುವಷ್ಟು ದಿನ ಏನೋ ಆಗಬಹುದು, ಆಮೇಲೆ ಇಲಿ ಅದರ ಪಕ್ಕದಲ್ಲೇ ಮಲಗುತ್ತದೆ.

ಮಾವನ ಕಾರಿಗೆ ನಾವು ಮಾಡಿದ್ದು ಇಷ್ಟೇ. ಬೂಸಾ ಚೀಲವನ್ನು ಮುಚ್ಚಳ ಇರುವ ಡ್ರಮ್ಮಿಗೆ ಹಾಕಿ, ಕಾರನ್ನು ಮೆದೆಯಿಂದ ದೂರ ಅಂಗಳಕ್ಕೆ ತಂದು, ಗಾಳಿ ಒಳಗೆ ಹೋಗುವ ಕಿಂಡಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಬಿಗಿದು, ಸುತ್ತ ನಾಲ್ಕು ಬೋನು ಇಟ್ಟೆವು. ಮೊದಲ ವಾರ ಹನ್ನೊಂದು ಬಿದ್ದವು. ವಾರಕ್ಕೆರಡು ಸಲ ಅತ್ತೆಯನ್ನು ಕೂರಿಸಿಕೊಂಡು ಮಾವ ಮಳವಳ್ಳಿ ಪೇಟೆಗೆ ಹೋಗಿ ಬರುತ್ತಾರೆ. ಹೊರಡುವ ಮುಂಚೆ ಬಾನೆಟ್ ಎತ್ತಿ ನೋಡುವ ಕೆಲಸ ಅತ್ತೆಯದು.