ಇಂಗಿನ ಡಬ್ಬ

ಚೀನೀ ಭಾಷೆಯಲ್ಲಿ ‘ಶೀಚಿ’ ಅಂತ ಒಂದು ಗ್ರಾಂಥಿಕ ಪದ ಇದೆ. ‘ಶೀ’ ಅಂದರೆ ರೂಢಿ. ‘ಚಿ’ ಅಂದರೆ ಉಸಿರು, ಆವಿ, ವಾಸನೆ. ಎರಡೂ ಸೇರಿದರೆ ಮೈಗಂಟಿದ ಅಭ್ಯಾಸ, ಹೆಚ್ಚಾಗಿ ಕೆಟ್ಟದ್ದು.

ಪದದ ಹಿಂದೆ ನಮ್ಮ ‘ವಾಸನೆ’ಯೇ ಇದೆ. ಶಾಲೆಯಲ್ಲಿ ಇಮ್ಮಡಿ ಪುಲಕೇಶಿ ಪಾಠದಲ್ಲಿ ಬರ್ತಾನಲ್ಲ ಹ್ಯೂಯೆನ್ ತ್ಸಾಂಗ್, ಅವನು 645ರಲ್ಲಿ ಚಾಂಗ್‌ಆನ್‌ಗೆ ವಾಪಸಾಗಿ, 664ರಲ್ಲಿ ಸಾಯೋವರೆಗೂ ಬೌದ್ಧ ಗ್ರಂಥಗಳನ್ನು ಅನುವಾದಿಸಿದ. ಸಂಸ್ಕೃತದ ‘ವಾಸನಾ’ ಬಂದಲ್ಲಿ ಅವನು ಬರೆದದ್ದು ಶೀಚಿ.

ಅದಕ್ಕೂ ಮೊದಲು, 5ನೇ ಶತಮಾನದ ಆರಂಭದಲ್ಲಿ, ಅದೇ ಊರಲ್ಲಿ ಕುಮಾರಜೀವ ಅನುವಾದಿಸಿದ ಗ್ರಂಥವೊಂದರಲ್ಲಿ ಈ ವಾಸನೆಯ ಕಥೆ ಇದೆ. ಪಿಲಿಂದವತ್ಸ ಅರ್ಹಂತ, ಕಾಮ ಕ್ರೋಧ ಎಲ್ಲ ಗೆದ್ದವನು. ಆದರೂ ಗಂಗೆ ದಾಟುವಾಗೆಲ್ಲ ‘ಲೇ ದಾಸಿ, ನಿಲ್ಲು’ ಅಂತಿದ್ದ. ಗಂಗೆ ಬುದ್ಧನಿಗೆ ದೂರು ಕೊಟ್ಟಳು. ಕ್ಷಮೆ ಕೇಳು ಅಂದದ್ದಕ್ಕೆ ಕೈಮುಗಿದು ‘ಲೇ ದಾಸಿ, ಸಿಟ್ಟಾಗಬೇಡ’ ಅಂದ! ಸುತ್ತ ಇದ್ದವರು ನಕ್ಕರು. ಇವನಿಗೆ ಅಹಂಕಾರ ಇಲ್ಲ, 500 ಜನ್ಮ ಬ್ರಾಹ್ಮಣನಾಗಿ ಹುಟ್ಟಿದ್ದರ ವಾಸನೆ ಅಷ್ಟೇ ಅಂದ ಬುದ್ಧ. ಸುಗಂಧ ತೆಗೆದ ಮೇಲೂ ಪಾತ್ರೆಯಲ್ಲಿ ಘಮ ಉಳಿಯೋ ಹಾಗೆ ಅನ್ನುತ್ತೆ ಗ್ರಂಥ. ನನಗೆ ನಮ್ಮನೆ ಇಂಗಿನ ಡಬ್ಬ ನೆನಪಾಯ್ತು.

ಓದಿ ನಾನೂ ನಕ್ಕೆ. ಆಮೇಲೆ ಹೋದ ಯುಗಾದಿ ನೆನಪಾಗಿ ನಗು ನಿಂತಿತು. ಊರಲ್ಲಿ ನಮ್ಮ ಗದ್ದೆಯಲ್ಲಿ ದುಡಿದ, ಅಪ್ಪನಿಗಿಂತ ಹಿರಿಯರೊಬ್ಬರು ಅಂಗಳದಾಚೆ ನಿಂತಿದ್ದರು. ‘ಏನ್ಲಾ, ಚೆನ್ನಾಗಿದ್ದೀಯಾ?’ ಅಂದೆ. ‘ಚೆನ್ನಾಗಿವ್ನಿ ಬುದ್ಧಿ’ ಅಂದರು. ನಿನ್ನೆ ಸೇರಿದ ಇಂಟರ್ನ್‌ಗೂ ‘ನೀವು’ ಅನ್ನೋ ಬಾಯಿ ನನ್ನದು. ಜಾತಿ ಬಗ್ಗೆ ಕ್ಯಾಂಟೀನಿನಲ್ಲಿ ಭಾಷಣ ಬಿಗಿದವನೂ ನಾನೇ.

ಬೆಂಗಳೂರಿಗೆ ಬಂದ ಮೇಲೆ ಆರು ವರ್ಷದ ಮಗಳು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ‘ಏನ್ಲಾ’ ಅಂದಳು. ಪಿಲಿಂದವತ್ಸನಿಗೆ 500 ಜನ್ಮ ಹಿಡಿದಿತ್ತು. ಇವಳಿಗೆ ಊರಲ್ಲಿ ಕಳೆದ ಎರಡು ದಿನ ಸಾಕಾಯ್ತು.

ಮನಸ್ಸಿನಲ್ಲಿ ಏನೂ ಇರಲಿಲ್ಲ ಅನ್ನೋ ಸಮಜಾಯಿಷಿ ಅರ್ಹಂತನಿಗೆ ಒಪ್ಪಬಹುದು. ನನಗೆ ಒಪ್ಪೋದಿಲ್ಲ. ಕೇಳಿಸಿಕೊಂಡವರ ಮನಸ್ಸೂ ಒಂದು ಇರುತ್ತಲ್ಲ.

ಮುಂದಿನ ಸಲ ಊರಿಗೆ ಹೋದಾಗ, ಮಗಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ತೊದಲುತ್ತಾ ‘ಚೆನ್ನಾಗಿದ್ದೀರಾ?’ ಅಂದೆ. ಅವರು ಯಾರನ್ನೋ ಮಾತಾಡಿಸಿರಬೇಕು ಅಂದುಕೊಂಡು ಹಿಂದೆ ತಿರುಗಿ ನೋಡಿದರು.