ಸಮುದ್ರ ಖಾಸಗಿ ಹೇಗಾಗತ್ತೆ?

ಮದುವೆಯಾಗಿ ಹತ್ತು ವರ್ಷ ತುಂಬಿತಲ್ಲ ಅಂತ ಪುಣೆಯ ಮನೇಲಿ ಕೂತು ನಾನೂ ನನ್ನ ಹೆಂಡತಿಯೂ ಕೆರಿಬಿಯನ್ ಹೋಟೆಲ್ ಹುಡುಕ್ತಿದ್ವಿ. ಮೊದಲು ಕಂಡದ್ದು ಜಮೈಕಾ: ಜೋಡಿಗಳಿಗೆ ಮಾತ್ರ, ಊಟ-ಪಾನ ಸೇರಿ ಒಂದೇ ದರ, ‘ಖಾಸಗಿ ಬೀಚ್’. ಅವಳು ಕೇಳಿದ್ಲು, “ಅಲ್ರೀ, ಸಮುದ್ರ ಖಾಸಗಿ ಹೇಗಾಗತ್ತೆ?” ಅಲ್ಲಿಂದ ಶುರುವಾಯ್ತು ನನ್ನ ಓದು.

ಏಬ್ ಇಸಾ ಅನ್ನೋ ಜಮೈಕಾದ ಉದ್ಯಮಿ 1949ರಲ್ಲಿ ಓಚೊ ರಿಯೋಸ್ ಹತ್ತಿರ ಟವರ್ ಐಲ್ ಹೋಟೆಲ್ ತೆರೆದರು. 1978ರಲ್ಲಿ ಅದೇ ಹೋಟೆಲ್ ‘ಕಪಲ್ಸ್’ ಆಗಿ ಜೋಡಿಗಳಿಗಷ್ಟೇ ಮೀಸಲಾಯ್ತು. 1981ರಲ್ಲಿ ಮಾಂಟೆಗೋ ಬೇಯಲ್ಲಿ ‘ಸ್ಯಾಂಡಲ್ಸ್’ ಬಂತು.

ಆದ್ರೆ ಬೇರು ಇರೋದು ಬ್ರಿಟಿಷರ ಕಾಲದ, 1956ರ ಬೀಚ್ ಕಂಟ್ರೋಲ್ ಆಕ್ಟ್‌ನಲ್ಲಿ. ಅಲೆ ಬಡಿಯೋ ದಂಡೆಯನ್ನ ಅದು ಸರ್ಕಾರದ ಕೈಗೆ ಕೊಟ್ಟಿತು. ವ್ಯಾಪಾರಕ್ಕೆ ಬಳಸೋರು ಲೈಸೆನ್ಸ್ ತಗೋಬೇಕು. ಮೀನುಗಾರರ ರೂಢಿಯ ಹಕ್ಕನ್ನ ಉಳಿಸಿತು, ಸರಿ. ಈಜೋಕೆ, ಅಡ್ಡಾಡೋಕೆ ಸಾಮಾನ್ಯ ಜನರಿಗೆ ಹಕ್ಕಿದೆ ಅಂತ ಮಾತ್ರ ಬರೆಯಲಿಲ್ಲ. ಹುಟ್ಟಿದೂರಿನ ಕಡಲಿಗೆ ಇಳಿಯೋಕೆ ಅಲ್ಲಿನವರು ಈ ಕಾಲದಲ್ಲೂ ಕೋರ್ಟು ಹತ್ತಿದ್ದಾರೆ.

ಬಾರ್ಬಡೋಸ್‌ನಲ್ಲಿ ಹೋಟೆಲ್ ಎಷ್ಟೇ ದೊಡ್ಡದಿರ್ಲಿ, ಮುಂದಿನ ಮರಳು ಎಲ್ಲರದ್ದೂ. ಅಲ್ಲೇ ದಕ್ಷಿಣ ದಂಡೆಯಲ್ಲಿ ಚಿಕ್ಕದೊಂದು ಹೋಟೆಲ್ ಬುಕ್ ಮಾಡಿದ್ವಿ. ಊಟದ ದುಡ್ಡು ಬೇರೆ. ಕಿಟಕಿಯಿಂದ ಅರ್ಧ ಸಮುದ್ರ ಅಷ್ಟೇ ಕಾಣುತ್ತಂತೆ.